ಸಾಮಾನ್ಯರ ಹೆಸರು ಕಲ್ಲಿನಲ್ಲೇ ಇದೆ

ಸಾಮಾನ್ಯರ ಹೆಸರುಗಳು ಇತಿಹಾಸದಲ್ಲಿ ಉಳಿದಿಲ್ಲ, ಆದ್ದರಿಂದ ಹದಿಹರೆಯದವರ ಕಾದಂಬರಿಗೆ ರಾಜಕುಮಾರಿಯರೇ ಗತಿ ಎಂಬ ಕಾದಂಬರಿ ಲೇಖಕಿಯೊಬ್ಬರ ಮಾತನ್ನು ನಾನು ಖಂಡಿತ ಒಪ್ಪುವುದಿಲ್ಲ. ನಮ್ಮ ಹಾಸನ ಜಿಲ್ಲೆಯ ಬೇಲೂರಿಗೆ ಬಂದು ನೋಡಲಿ. 1117ರಲ್ಲಿ ಹೊಯ್ಸಳ ರಾಜ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಚೆನ್ನಕೇಶವ ದೇವಾಲಯದಲ್ಲಿ ಶಿಲ್ಪಿಗಳ ಹೆಸರುಗಳು ಅವರ ಶಿಲ್ಪಗಳ ಕೆಳಗೇ ಇವೆ. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ಇಬ್ಬರೂ ಅಲ್ಲಿ ಮದನಿಕೆಗಳನ್ನು, ಅಂದರೆ ಸುಂದರಿಯರ ಶಿಲ್ಪಗಳನ್ನು, ಕಡೆದಿದ್ದಾರೆ. ಹೆಸರಾಂತ ಅಪ್ಪನ ಪಕ್ಕದಲ್ಲೇ ನಿಂತು ಉಳಿ ಹಿಡಿಯಬೇಕಾದ ಮಗನಿಗಿಂತ ಒಳ್ಳೆಯ ನಾಯಕ ಹದಿನೈದರ ಓದುಗನಿಗೆ ಎಲ್ಲಿ ಸಿಕ್ಕಾನು? ಚಾವಣನ ವಯಸ್ಸನ್ನು ಶಾಸನ ಹೇಳುವುದಿಲ್ಲ. ಕಾದಂಬರಿಕಾರರಿಗೆ ಬೇಕಾದ ಜಾಗವೇ ಅದು. ಇನ್ನು ಚಿಕ್ಕಮಗಳೂರು ಜಿಲ್ಲೆಯ ಅಮೃತಾಪುರದ 1196ರ ದೇವಾಲಯದಲ್ಲಿ ಕೆಲಸ ಮಾಡಿದ ಶಿಲ್ಪಿ ಮಲ್ಲಿತಮ್ಮನ ಹೆಸರು ಸೋಮನಾಥಪುರದ 1258ರ ದೇವಾಲಯದಲ್ಲೂ ಕಾಣುತ್ತದೆ. ಇಬ್ಬರೂ ಒಬ್ಬನೇ ಎನ್ನುವುದಾದರೆ ಅಮೃತಾಪುರದಲ್ಲಿ ಅವನು ಇನ್ನೂ ಹುಡುಗ! ನಾನು ಕಲಿಸುವ ಮಕ್ಕಳು ಹಳೇಬೀಡಿನಲ್ಲಿ ರಾಜನ ಬಗ್ಗೆ ಹೆಚ್ಚು ಕೇಳುವುದಿಲ್ಲ, ಕೆತ್ತಿದವರು ಎಲ್ಲಿ ಮಲಗುತ್ತಿದ್ದರು, ಕೈಗೆ ಪೆಟ್ಟಾದರೆ ಏನು ಮಾಡುತ್ತಿದ್ದರು ಎಂದು ಕೇಳುತ್ತಾರೆ. ಆ ಪ್ರಶ್ನೆಗಳನ್ನು ಹಿಡಿದು ಈ ಲೇಖಕಿ ಒಂದು ಕಾದಂಬರಿ ಬರೆದರೆ ನಮ್ಮ ಶಾಲೆಯ ಗ್ರಂಥಾಲಯಕ್ಕೆ ಮೊದಲು ತರಿಸುವವನು ನಾನೇ.