ಹಲಸಿನ ಹಣ್ಣಿನ ಮೇಲಿನ ಆರೋಪ

ತೀರ್ಥಹಳ್ಳಿಯ ನಮ್ಮ ಮನೆಯ ನಡುಮನೆಯಲ್ಲಿ ಎರಡಡಿ ಅಗಲದ ಟೈಲ್ಸೊಂದು ಮೂಲೆಯಿಂದ ಮೂಲೆಗೆ ಸೀಳಿದ ದಿನ, ಅಪರಾಧಿ ಯಾರೆಂಬ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ತೋಟದಿಂದ ತಂದ ಹಲಸಿನ ಹಣ್ಣು ಚಿಕ್ಕಮ್ಮನ ಕೈಜಾರಿ ಅದರ ಮೇಲೆಯೇ ಬಿದ್ದಿತ್ತು. ಹಣ್ಣಿಗೆ ಏನೂ ಆಗಿರಲಿಲ್ಲ. ತೊಳೆ ಬಿಡಿಸಿ ಮುಗಿಯುವವರೆಗೂ ಚಿಕ್ಕಮ್ಮ ಕೈಗಂಟಿದ ಮೇಣವನ್ನು ಎಣ್ಣೆ ಹಚ್ಚಿ ಉಜ್ಜಿಕೊಳ್ಳುತ್ತಾ, ತಾವು ಮೆಲ್ಲಗೇ ಇಳಿಸಿದ್ದಾಗಿ ಎಲ್ಲರಿಗೂ ವಿವರಿಸಿದರು. ನಾನು ನ್ಯಾಯಾಧೀಶರ ಗಾಂಭೀರ್ಯದಲ್ಲಿ, "ಇರಲಿ ಬಿಡಿ ಚಿಕ್ಕಮ್ಮ" ಎಂದೆ.

ಮರುದಿನ ಬಂದ ಗಾರೆ ಮೇಸ್ತ್ರಿ ಹಣ್ಣಿನ ಸುದ್ದಿಯನ್ನೇ ಎತ್ತಲಿಲ್ಲ. ಕರಣೆಯ ಹಿಡಿಯಿಂದ ಒಡೆದ ಟೈಲ್ಸನ್ನು ಕುಟ್ಟಿದರು, 'ಡಬ್' ಎಂದಿತು. ಪಕ್ಕದ್ದು 'ಟಣ್' ಎಂದಿತು. "ಅಡಿಯಲ್ಲಿ ಪೊಳ್ಳು" ಎಂದವರೇ, ಅಕ್ಕಪಕ್ಕದ ಅಂಚುಗಳು ಚಕ್ಕೆ ಏಳದಂತೆ ನಡುವಿನ ಬಿರುಕಿಗೇ ಉಳಿ ಕೊಟ್ಟರು. ಟೈಲ್ಸು ಎರಡು ಹೋಳಾಗಿ ಸಲೀಸಾಗಿ ಎದ್ದುಬಂತು. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದರಂತೆ ಕಡುಬಿನ ಗಾತ್ರದ ಐದು ಸಿಮೆಂಟ್ ಉಂಡೆಗಳು. ಉಳಿದಲ್ಲೆಲ್ಲ ಬರೀ ಗಾಳಿ. ಉಂಡೆಗಳ ಅಡಿಯಲ್ಲಿ ಅಪ್ಪಯ್ಯನ ಕಾಲದ ಕಾವಿ ನೆಲ ಇನ್ನೂ ಹೊಳೆಯುತ್ತಿತ್ತು. ಬಿರುಕುಗಳು ಅದರಲ್ಲೂ ಇದ್ದವು. ಆದರೆ ಅವನ್ನು ನಾವ್ಯಾರೂ ಬಿರುಕು ಎಂದು ಕರೆದದ್ದಿಲ್ಲ.

ಅಂಥ ನುಣುಪಿನ ಮೇಲೆ ಸಿಮೆಂಟ್ ಕಚ್ಚುವುದಿಲ್ಲ, ಮೊದಲು ನೆಲವನ್ನು ಕೊಚ್ಚಿ ಒರಟು ಮಾಡಬೇಕು ಎಂದ ಮೇಸ್ತ್ರಿ, "ಹಿಂದೆ ಹಾಕಿದವರಿಗೆ ಇಷ್ಟೂ ಗೊತ್ತಿರಲಿಲ್ವಾ ಮಾರಾಯ್ರೇ?" ಎಂದರು. ಗೊತ್ತಿತ್ತು. ಕೊಚ್ಚಲು ಎರಡು ದಿನದ ಹೆಚ್ಚಿನ ಕೂಲಿ ಕೇಳಿದ್ದವರಿಗೆ, "ಬೇಡ, ಅಪ್ಪಯ್ಯನ ನೆನಪು ಹಾಗೇ ಇರಲಿ" ಎಂದು ಕಣ್ಣು ಒದ್ದೆ ಮಾಡಿಕೊಂಡು ಹೇಳಿದವನು ನಾನು. ಸಂದು ಕಂಡರೆ ಚೆಂದವಿಲ್ಲವೆಂದು 2 ಮಿಲಿಮೀಟರ್ ಎಡೆಯನ್ನೂ ಬಿಡಗೊಡದೆ, ಬಿಸಿಲುಗಾಲದಲ್ಲಿ ಹಿಗ್ಗಿದ ಟೈಲ್ಸುಗಳು ಒಂದನ್ನೊಂದು ನೂಕಾಡುವಂತೆ ಒತ್ತೊತ್ತಾಗಿ ಕೂರಿಸಿಕೊಂಡದ್ದೂ ನನ್ನದೇ ಅಭಿರುಚಿ.

ಅಂದು ರಾತ್ರಿ ಎಲ್ಲರೂ ಮಲಗಿದ ಮೇಲೆ, ಐದು ರೂಪಾಯಿಯ ನಾಣ್ಯ ಹಿಡಿದು ಮಂಡಿಯೂರಿ ಒಂದೊಂದೇ ಟೈಲ್ಸನ್ನು ಕುಟ್ಟುತ್ತಾ ಹೋದೆ. 11 ಪೊಳ್ಳು ಸಿಕ್ಕುವಷ್ಟರಲ್ಲಿ ಹೆಂಡತಿ ಒಳಗಿನಿಂದ, "ಇಷ್ಟು ಹೊತ್ತಿನಲ್ಲಿ ಯಾರು ಬಾಗಿಲು ಬಡಿಯುತ್ತಿರುವುದು, ನೋಡಿ" ಎಂದಳು.

ಜೊತೆ ಹುಡುಕಲು ಒಂದು ಹೋಳು ಹೊತ್ತು ಶಿವಮೊಗ್ಗಕ್ಕೆ ಹೋದರೆ, ಅದೇ ವಿನ್ಯಾಸ ಸಿಕ್ಕಿತಾದರೂ ಬೇರೆ ಬ್ಯಾಚಿನದು. ನಮ್ಮದು ಹಾಲಿನ ಬಣ್ಣ, ಅದು ಮಜ್ಜಿಗೆಯ ಬಣ್ಣ. ಕೆಲಸದ ದಿನ ಮಿಕ್ಕಿದ್ದ ಒಂದು ಟೈಲ್ಸನ್ನು ಎತ್ತಿಟ್ಟದ್ದು ನೆನಪಾದದ್ದು ವಾಪಸು ಬರುವ ಬಸ್ಸಿನಲ್ಲಿ. ಉಗ್ರಾಣದಲ್ಲಿ ಅಮ್ಮನ ಮಾವಿನ ಮಿಡಿಯ ನಾಲ್ಕು ಭರಣಿಗಳು ಅದರ ಮೇಲೆ ಕುಳಿತಿದ್ದವು.

ಮೇಸ್ತ್ರಿ ಈ ಸಲ ನೆಲವನ್ನು ಕೊಚ್ಚಿ, ಹಲ್ಲುಗಳಿರುವ ಕರಣೆಯಿಂದ ಟೈಲ್ಸಿನ ಅಂಟನ್ನು ಎಲ್ಲೂ ಬರಿದಾಗದಂತೆ ಹರಡಿ ಕೂರಿಸಿದರು. 24 ಗಂಟೆ ಯಾರೂ ಕಾಲಿಡಬಾರದೆಂದರು. ಉಳಿದ 11ಕ್ಕೆ ಮಳೆಗಾಲ ಕಳೆಯಲಿ ಎಂದಿದ್ದಾರೆ. ಭರಣಿಗಳನ್ನು ಇನ್ನೆಲ್ಲಿಡಲಿ ಎಂದು ಅಮ್ಮ ಕೇಳಿದ್ದರಿಂದ, ಒಡೆದ ಹೋಳುಗಳನ್ನು ಉಗ್ರಾಣಕ್ಕೆ ಒಯ್ದು ಹೋಳಿಗೆ ಎರಡರಂತೆ ಕೂರಿಸಿದೆ.

ಚಿಕ್ಕಮ್ಮನಿಗೆ ತನಿಖೆಯ ವರದಿಯನ್ನು ನಾನಿನ್ನೂ ಒಪ್ಪಿಸಿಲ್ಲ. ಹೋದ ವಾರ ಬಂದಾಗಲೂ ಅವರು ಹಲಸಿನ ಹಣ್ಣನ್ನು ಜಗುಲಿಯಲ್ಲೇ ಇಳಿಸಿ, ಹೊಸ ಟೈಲ್ಸನ್ನು ಸುತ್ತುಬಳಸಿ ಒಳಗೆ ಬಂದರು.