ಯಾರ ಪೈಕಿ ಈ ದೊಡ್ಡ ಸೊಳ್ಳೆ?

ಮಲೆನಾಡಿನ ಮಳೆಗಾಲದಲ್ಲಿ ಮನೆಯೊಳಗೆ ಬರುವ ಹುಳಹುಪ್ಪಟೆಗೆ ಲೆಕ್ಕವಿಲ್ಲ. ಕಾಲಿಗಂಟಿಕೊಂಡು ಉಂಬಳ, ದೀಪಕ್ಕೆ ಹಾತೆ, ಅಕ್ಕಿಡಬ್ಬದ ಹಿಂದೆ ಯಾವುದೋ ಜಿರಲೆ. ಇವುಗಳ ನಡುವೆ ಗೋಡೆ ಮೇಲೆ ಕಾಲು ಚಾಚಿ ಕೂತ ಒಂದು ಉದ್ದಕಾಲಿನ ಹುಳವನ್ನು ಕಂಡರೆ ನಮ್ಮ ತೀರ್ಥಹಳ್ಳಿ ಕಡೆಯವರು ‘ಅಬ್ಬಾ, ಎಂಥ ದೊಡ್ಡ ಸೊಳ್ಳೆ!’ ಅಂತ ಪೊರಕೆ ಹುಡುಕುತ್ತಾರೆ. ಪಾಪ, ಅದು ಸೊಳ್ಳೆಯಲ್ಲ, ಕ್ರೇನ್ ಫ್ಲೈ. ರಕ್ತ ಹೀರುವ ಸೂಜಿಯೇ ಅದರ ಬಾಯಲ್ಲಿಲ್ಲ. ಹೆಣ್ಣಿನ ಹಿಂತುದಿ ಚೂಪಾಗಿರುತ್ತದೆ ನಿಜ. ಆದರೆ ಅದು ಒದ್ದೆ ಮಣ್ಣಿಗೋ ಪಾಚಿಗೋ ಚುಚ್ಚಿ ಮೊಟ್ಟೆ ಇಡುವುದಕ್ಕೆ, ನಮಗೆ ಚುಚ್ಚುವುದಕ್ಕಲ್ಲ. ಕೊಳೆತ ದರಗು, ಲಡ್ಡು ಮರ, ಹಳ್ಳದ ದಂಡೆಯ ಕೆಸರು ಇವೇ ಅದರ ಮರಿಗಳ ಊಟ, ವಸತಿ. ಅಂದಮೇಲೆ ಮಲೆನಾಡಿಗಿಂತ ಒಳ್ಳೆ ಜಾಗ ಅದಕ್ಕೆಲ್ಲಿ ಸಿಗಬೇಕು?

ನನಗೆ ಇದರ ಫೋಟೋ ತೆಗೆದು ಹೆಸರು ಹುಡುಕುವ ಹುಚ್ಚು. ಚಿಟ್ಟೆ ಹುಚ್ಚಾದರೆ ಜನ ಮೆಚ್ಚುತ್ತಾರೆ, ಹಕ್ಕಿ ಹುಚ್ಚಾದರೆ ಗೌರವ ಕೊಡುತ್ತಾರೆ. ಬಚ್ಚಲುಮನೆ ಗೋಡೆಗೆ ಫೋನ್ ಹಿಡಿದು ನಿಂತವನನ್ನು ಮಾತ್ರ ಮನೆಯವರೇ ಒಂದು ಥರ ನೋಡುತ್ತಾರೆ.

ಫೋನಿನ ಆ್ಯಪ್‌ಗೆ ಫೋಟೋ ಕೊಟ್ಟರೆ ಅದು ತಡಮಾಡದೆ ‘ಟಿಪುಲಾ’ ಅನ್ನುತ್ತದೆ. ಆ ಕುಲವೊಂದರಲ್ಲೇ 2,000ಕ್ಕೂ ಜಾಸ್ತಿ ಜಾತಿಗಳಿವೆ. ಒಟ್ಟು ಕ್ರೇನ್ ಫ್ಲೈಗಳು ಲೋಕದಲ್ಲಿ 15,000ಕ್ಕೂ ಹೆಚ್ಚು. ನಮ್ಮ ಕಡೆ ಮದುವೆಮನೆಯಲ್ಲಿ ಹಿರಿಯರು ಹೆಸರು ಕೇಳುವುದೇ ಇಲ್ಲ, ‘ನೀನು ಯಾರ ಪೈಕಿ ಮಾರಾಯಾ?’ ಅಂತಾರೆ. ಫೋಟೋ ನೋಡಿ ಉತ್ತರ ಹೇಳಬಹುದಾದ ಪ್ರಶ್ನೆಯೂ ಅಷ್ಟೇ.

ಮೊದಲು ಬೆನ್ನು ನೋಡಬೇಕು. ರೆಕ್ಕೆ ಶುರುವಾಗುವ ಜಾಗದ ಹತ್ತಿರ ಇಂಗ್ಲಿಷಿನ ವಿ ಅಕ್ಷರದ ಹಾಗೆ ಒಂದು ಗೆರೆ ಕೊರೆದಿದ್ದರೆ ಅದು ನಮ್ಮ ಗಿರಾಕಿ. ರೆಕ್ಕೆಯ ಹಿಂದೆ, ಎರಡೂ ಕಡೆ ಸಣ್ಣ ಕಡ್ಡಿ, ತುದಿಗೊಂದು ಗುಂಡು. ಇವು ಒಂದು ಕಾಲಕ್ಕೆ ಹಿಂದಿನ ರೆಕ್ಕೆಗಳಾಗಿದ್ದವು. ಈಗ ಹಾರುವಾಗ ಪಟಪಟ ಆಡಿ ಮೈ ವಾಲದಂತೆ ನೋಡಿಕೊಳ್ಳುತ್ತವೆ. ಎಲ್ಲ ನೊಣ, ಸೊಳ್ಳೆಗಳಿಗೂ ಇವು ಉಂಟು, ಆದರೆ ಫೋನ್ ಕ್ಯಾಮೆರಾಕ್ಕೂ ಕಾಣುವಷ್ಟು ಬಿಡುಬೀಸಾಗಿ ಇರುವುದು ಈ ಹುಳದಲ್ಲಿ. ಆಮೇಲೆ ಮನೆತನ. ನಮ್ಮಲ್ಲಿ ಕಾಣುವವು ಹೆಚ್ಚಾಗಿ ಎರಡು: ಟಿಪುಲಿಡೇ, ಲಿಮೋನಿಡೇ. ರೆಕ್ಕೆ ಅಗಲಿಸಿ ಕೂತರೆ ಸಾಮಾನ್ಯವಾಗಿ ಮೊದಲನೆಯದು, ಬೆನ್ನ ಮೇಲೆ ಮಡಚಿಕೊಂಡರೆ ಎರಡನೆಯದು. ಇದನ್ನೇ ಪೂರ್ತಿ ನಂಬಬಾರದು. ಬಾಯಿಯ ಪಕ್ಕದ ಮೀಸೆಯ ಕೊನೆಯ ಗೆಣ್ಣು ಉದ್ದಕ್ಕೆ ಇಳಿಬಿದ್ದಿದೆಯೋ, ಮೋಟಾಗಿದೆಯೋ ನೋಡಬೇಕು. ಉದ್ದವಾದರೆ ಟಿಪುಲಿಡೇ.

ಅಲ್ಲಿಗೆ ದಾರಿ ಹೆಚ್ಚುಕಡಿಮೆ ಮುಗಿಯಿತು. ಜಾತಿಯ ಹೆಸರು ಇರುವುದು ಗಂಡಿನ ಹಿಂತುದಿಯಲ್ಲಿ. ಆ ತುದಿಯೊಳಗಿನ ಕೊಂಡಿ, ಮುಳ್ಳುಗಳ ಆಕಾರ ಒಂದೊಂದು ಜಾತಿಯಲ್ಲಿ ಒಂದೊಂದು ಥರ. ತಜ್ಞರು ಅದನ್ನು ಕತ್ತರಿಸಿ, ಕಾಸ್ಟಿಕ್ ಪೊಟ್ಯಾಶ್‌ನಲ್ಲಿ ಹಾಕಿ ತಿಳಿಯಾಗಿಸಿ, ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ನಾವೋ ಚಂದ ಕಾಣಲಿ ಅಂತ ಬೆನ್ನಿನ ಫೋಟೋ ತೆಗೆದು ಕೂತಿರುತ್ತೇವೆ! ಕೆಲವಕ್ಕೆ ಮಾತ್ರ ಇಷ್ಟೆಲ್ಲ ರಗಳೆಯಿಲ್ಲ. ಸೆಲಿಯೋಫೊರಾ ಅಂತ ಒಂದು ಕುಲವಿದೆ, ಕಪ್ಪು ಕಿತ್ತಳೆ ಬಣ್ಣದಲ್ಲಿ ಕಣಜದ ವೇಷ ಹಾಕಿರುತ್ತದೆ. ಗಂಡಿನ ತಲೆಮೇಲಿನ ಮೀಸೆಗೆ ಬಾಚಣಿಗೆಯ ಹಲ್ಲುಗಳಿರುತ್ತವೆ. ಅದು ಸಿಕ್ಕ ದಿನ ಕುಲದವರೆಗಾದರೂ ಧೈರ್ಯವಾಗಿ ಹೇಳಬಹುದು.

ಇನ್ನು ಮಾಡೆಲ್‌ಗಳ ಕಷ್ಟ. ಮುಟ್ಟಿದರೆ ಸಾಕು, ಕಾಲು ಕಳಚಿ ಬಿಟ್ಟುಹೋಗುತ್ತವೆ. ಆರೂ ಕಾಲಿರುವ ಫೋಟೋ ಸಿಕ್ಕರೆ ನಮ್ಮ ಪುಣ್ಯ. ಜಗಲಿಯ ಬಲ್ಬಿನ ಹತ್ತಿರ ಹಲ್ಲಿಯೂ ಇದೇ ಹುಳಕ್ಕೆ ಹೊಂಚು ಹಾಕಿರುತ್ತದೆ. ಅದಕ್ಕೆ ಫೋಕಸ್ ಮಾಡುವ ತಾಪತ್ರಯವಿಲ್ಲ ನೋಡಿ.

ಈ ಹುಳಗಳ ವಿಷಯ ಬಂದರೆ ಚಾರ್ಲ್ಸ್ ಪಾಲ್ ಅಲೆಕ್ಸಾಂಡರ್ ಹೆಸರು ಹೇಳದೆ ಇರಲಿಕ್ಕಾಗದು. 1889ರಲ್ಲಿ ಹುಟ್ಟಿ 1981ರಲ್ಲಿ ತೀರಿಕೊಂಡ ಅಮೆರಿಕದ ವಿಜ್ಞಾನಿ. ಒಬ್ಬರೇ 11,000ಕ್ಕೂ ಹೆಚ್ಚು ಜಾತಿಗಳಿಗೆ ಹೆಸರಿಟ್ಟರು. ಸುಮಾರು 70 ವರ್ಷದ ಕೆಲಸ ಅಂತ ಹಿಡಿದರೂ ಎರಡು ಮೂರು ದಿನಕ್ಕೊಂದು ನಾಮಕರಣವಾಯಿತು! ಭಾರತದ ಎಷ್ಟೋ ಹುಳಗಳಿಗೂ ಅವರೇ ಹೆಸರಿಟ್ಟವರು. ಹೆಂಡತಿ ಮೇಬಲ್ ಹುಳ ಹಿಡಿಯುವ ತಿರುಗಾಟದಿಂದ ಹಿಡಿದು ಮನೆಯ ಕಾಗದಪತ್ರದವರೆಗೆ ಜೊತೆಗೆ ದುಡಿದರು.

ಈಗ ನನಗೊಂದು ಉಪಾಯ ಹೊಳೆದಿದೆ. ಹುಳ ಕಿಟಕಿಯ ಗಾಜಿನ ಮೇಲೆ ಒಳಗಡೆ ಕೂತಾಗ ಹೊರಗಿನಿಂದ ಹೊಟ್ಟೆಯ ಕಡೆ ಫೋಟೋ ತೆಗೆಯಬಹುದು. ಹಿಂತುದಿಯೂ ಕಂಡೀತು. ಆದರೆ ಹೊರಗೆ ಧೋ ಅಂತ ಮಳೆ. ಫೋನಿಗೆ ಯಾರಾದರೂ ಕೊಡೆ ಹಿಡಿಯಬೇಕು. ನನ್ನ ಹೆಂಡತಿಗೆ ಮೇಬಲ್ ಕಥೆಯನ್ನು ಸ್ವಲ್ಪ ಉಪ್ಪು ಖಾರ ಹಚ್ಚಿಯೇ ಹೇಳಿದೆ. ಅವಳು ಹಾಲಿನ ಚೊಂಬು ಒಳಗಿಡುತ್ತಾ, ‘ಅವ್ರ ಮನೇಲಿ ಕೊಟ್ಟಿಗೆ ಇರ್ಲಿಲ್ಲ ಅಂತ ಕಾಣ್ಸುತ್ತೆ’ ಅಂದಳು.