ಪೆಟ್ರಾದಲ್ಲಿ ಮುಚ್ಚಳದ ಲೆಕ್ಕದ ನೀರು

ಜೋರ್ಡಾನಿನ ಪೆಟ್ರಾ ನಗರವನ್ನು ಕುಟುಂಬಸಮೇತ ಕಾಲ್ನಡಿಗೆಯಲ್ಲಿಯೇ ನೋಡಬೇಕೆಂಬುದು ನನ್ನ ಹಟವಾಗಿತ್ತು. ಹಿಂದಿನ ರಾತ್ರಿ ಆರು ಬಾಟಲಿ ನೀರು ಕೊಂಡು, ಪಕ್ಕದ ಊರಾದ ವಾದಿ ಮೂಸಾದ ಹೋಟೆಲ್ ಕೋಣೆಯ ಫ್ರಿಜ್ಜಿನಲ್ಲಿಟ್ಟು, "ನೀರಿನ ಜವಾಬ್ದಾರಿ ನನ್ನದು" ಎಂದು ಎಲ್ಲರೆದುರು ಘೋಷಿಸಿಯೂ ಇದ್ದೆ. ಬೆಳಗ್ಗೆ ಟೋಪಿ, ಕ್ಯಾಮೆರಾ, ನಕ್ಷೆ, ಕಾಲಿನ ಗುಳ್ಳೆಗೆ ಅಂಟಿಸುವ ಪಟ್ಟಿ ಎಲ್ಲವೂ ಚೀಲ ಸೇರಿದವು. ಬಾಟಲಿಗಳು ಮಾತ್ರ ಫ್ರಿಜ್ಜಿನಲ್ಲಿ ತಣ್ಣಗೆ ಕುಳಿತಿದ್ದವು.

ದೊಡ್ಡವರಿಗೆ ತಲೆಗೆ 50 ದಿನಾರ್ ಟಿಕೆಟ್ಟು. ಮಗನಿಗೆ ಇನ್ನೂ 12 ತುಂಬಿಲ್ಲವಾದ್ದರಿಂದ ಅವನಿಗೆ ಪ್ರವೇಶ ಉಚಿತವೆಂದು ತಿಳಿದು ನಾನು ಎಷ್ಟು ಹಿಗ್ಗಿದೆನೆಂದರೆ, ಟಿಕೆಟ್ಟಿನಲ್ಲೇ ಸೇರಿದ್ದ ಕುದುರೆ ಸವಾರಿಯನ್ನೂ ಬೇಡವೆಂದುಬಿಟ್ಟೆ. ಮುಂದೆ ಸಿಕ್ ಎಂಬ ಕಮರಿ. 1.2 ಕಿಲೋಮೀಟರ್ ಉದ್ದದ ಆ ದಾರಿ ಕೆಲವೆಡೆ ಮೂರು ಮೀಟರಿನಷ್ಟೇ ಅಗಲವಿದ್ದು, ಇಕ್ಕೆಲಗಳಲ್ಲೂ ಕೆಂಪು ಮರಳುಗಲ್ಲಿನ ಗೋಡೆಗಳು ಆಕಾಶವನ್ನು ಒಂದು ಪಟ್ಟಿಯಷ್ಟಕ್ಕೆ ಇಳಿಸಿರುತ್ತವೆ. ಗೋಡೆಯ ಬುಡದಲ್ಲಿ, ಈ ನಗರ ಕಟ್ಟಿದ ನಬಾಟಿಯನ್ನರು ಕೊರೆದ ಕಾಲುವೆಗಳು ಕಂಡದ್ದೇ ತಡ, ನನ್ನ ಉಪನ್ಯಾಸ ಶುರುವಾಯಿತು. ಎರಡು ಸಾವಿರ ವರ್ಷಗಳ ಹಿಂದೆಯೇ ಅವರು ದೂರದ ಚಿಲುಮೆಯ ನೀರನ್ನು ಮಣ್ಣಿನ ಕೊಳವೆಗಳಲ್ಲಿ ಊರೊಳಗೆ ಹರಿಸಿದ್ದು, ಕಮರಿಗೆ ನುಗ್ಗುವ ನೆರೆಯನ್ನು ಒಡ್ಡು ಕಟ್ಟಿ ಸುರಂಗದತ್ತ ತಿರುಗಿಸಿದ್ದು, ಮಳೆ ಅಪರೂಪವಾದ ನಾಡಿನಲ್ಲಿ ತೊಟ್ಟಿಗಳನ್ನು ಕಡಿದು ಹನಿ ಹನಿಯನ್ನೂ ಕೂಡಿಟ್ಟಿದ್ದು, ಎಲ್ಲವನ್ನೂ ವಿವರಿಸಿದೆ. ಶ್ರದ್ಧೆಯಿಂದ ಕೇಳಿದ ಮಗಳು, "ಅಪ್ಪಾ, ಹಾಗಾದರೆ ನಮ್ಮ ನೀರು ಎಲ್ಲಿದೆ?" ಎಂದಳು. ಚೀಲಕ್ಕೆ ಕೈ ಹಾಕಿದೆ. ನಕ್ಷೆ ಸಿಕ್ಕಿತು.

ನಮ್ಮನ್ನು ಕಾಪಾಡಿದ್ದು ಅಮ್ಮನ ಫ್ಲಾಸ್ಕು. ಎಲ್ಲಿಗೆ ಹೋದರೂ ಬಿಸಿನೀರಿನ ಫ್ಲಾಸ್ಕ್ ಹೊತ್ತೊಯ್ಯುವ ಅವಳ ಅಭ್ಯಾಸವನ್ನು, ಮರುಭೂಮಿಗೂ ಬಿಸಿನೀರೇ ಎಂದು ಬೆಳಗ್ಗೆಯಷ್ಟೇ ಗೇಲಿ ಮಾಡಿದ್ದೆ. ಅಮ್ಮ ಕಲ್ಲಿನ ಮೇಲೆ ಕುಳಿತು, ತೀರ್ಥ ಕೊಡುವ ಅರ್ಚಕರ ಗಾಂಭೀರ್ಯದಿಂದ ತಲೆಗೊಂದು ಮುಚ್ಚಳ ಬಿಸಿನೀರು ಹಂಚಿದಳು. ನನ್ನ ಸರದಿಗೆ ಮುಚ್ಚಳ ಅರ್ಧವೇ ತುಂಬಿದ್ದು ಆಕಸ್ಮಿಕವೆಂದು ನನಗೆ ಈಗಲೂ ಅನ್ನಿಸುವುದಿಲ್ಲ.

ಕಮರಿಯ ಕೊನೆಯ ತಿರುವಿನಲ್ಲಿ, ಬಂಡೆಯಲ್ಲೇ ಕಡೆದ ಸುಮಾರು 40 ಮೀಟರ್ ಎತ್ತರದ ಅಲ್ ಖಜ್ನೆ, ಅಂದರೆ 'ಖಜಾನೆ' ಎಂಬ ಹೆಸರಿನ ಸ್ಮಾರಕ, ಎದುರಾಯಿತು. ಅದರ ನೆತ್ತಿಯ ಕಲ್ಲಿನ ಕಲಶದಲ್ಲಿ ನಿಧಿಯಿದೆಯೆಂದು ನಂಬಿ ಹಿಂದೆ ಮರುಭೂಮಿಯ ಅಲೆಮಾರಿಗಳಾದ ಬೆಡುಯಿನರು ಗುಂಡು ಹಾರಿಸಿದ ಗುರುತುಗಳಿವೆ. ಕಲಶವೋ ಒಳಗೂ ಕಲ್ಲೇ. ನಮ್ಮ ಮನೆಯವರು ಮಾತ್ರ ನಿಧಿ ನೋಡಿದ್ದು ಪಕ್ಕದ ನೀರಿನ ಅಂಗಡಿಯಲ್ಲಿ. ಬೆಲೆ ಕೇಳಿದ ನಾನು, "ಪ್ರವಾಸಿಗರು ಸೇರುವ ಜಾಗವಲ್ಲವೇ, ಒಳಗೆ ಹೋದರೆ ಅಗ್ಗವಾಗುತ್ತದೆ" ಎಂದು ಎಲ್ಲರನ್ನೂ ಹೊರಡಿಸಿದೆ. ನೀರು ಅಲ್ಲಿಗೆ ಕತ್ತೆಯ ಬೆನ್ನೇರಿ ಬರುತ್ತದೆ, ಕತ್ತೆ ನಡೆದಷ್ಟೂ ಬೆಲೆಯೂ ಏರುತ್ತದೆ ಎಂಬ ಸರಳ ಗಣಿತ ನನಗೆ ಹೊಳೆಯಲಿಲ್ಲ. ಬಂಡೆಯಲ್ಲಿ ಕೊರೆದ ರಂಗಮಂದಿರದ ಬಳಿ ತುಸು ಹೆಚ್ಚಾಯಿತು, ಕಂಬಸಾಲಿನ ಬೀದಿಯಲ್ಲಿ ಇನ್ನಷ್ಟು. ಹಿಂದಿರುಗಿ ಕೊಳ್ಳೋಣವೆಂದರೆ ಮರ್ಯಾದೆ ಬಿಡದು.

ಬೆಟ್ಟದ ಮೇಲೆ ಬಂಡೆಯಲ್ಲಿ ಕಡೆದ ಇನ್ನೊಂದು ಸ್ಮಾರಕವಾದ ಅದ್ ದೈರ್ ತಲುಪಲು ಸುಮಾರು 800 ಮೆಟ್ಟಿಲುಗಳಿವೆ. ಬುಡದಲ್ಲಿ ಕತ್ತೆಯ ಹುಡುಗನೊಬ್ಬ "ಟ್ಯಾಕ್ಸಿ? ಏರ್ ಕಂಡೀಷನ್!" ಎಂದು ಕರೆದ, ನಾನು ನಕ್ಕು ಮುಂದೆ ನಡೆದೆ. ನೂರು ಮೆಟ್ಟಿಲು ಏರುವಷ್ಟರಲ್ಲಿ ನನ್ನ ಬಲಗಾಲಿನ ಬೂಟಿನ ಅಟ್ಟೆ ಬಾಯಿ ತೆರೆಯಿತು. ಮಗಳ ರಿಬ್ಬನ್ನಿನಿಂದ ಅದನ್ನು ಕಟ್ಟುತ್ತಿರುವಾಗ ಬುರ್ಕ್‌ಹಾರ್ಟ್ ನೆನಪಾದ. 1812ರಲ್ಲಿ ವೇಷ ಮರೆಸಿಕೊಂಡು ಇಲ್ಲಿಗೆ ಬಂದ ಆ ಸ್ವಿಸ್ ಯಾತ್ರಿಕ, ದಾರಿ ತೋರಿಸುವವನಿಗೆ ಕೂಲಿಯಾಗಿ ಕೊಟ್ಟದ್ದು ಒಂದು ಜೊತೆ ಹಳೆಯ ಕುದುರೆ ಲಾಳ. ಬುರ್ಕ್‌ಹಾರ್ಟ್ ಬಲಿ ಕೊಡಲೆಂದು ತಂದಿದ್ದ ಆಡನ್ನು ತಾನು ಹೊತ್ತ ಆ ಮಾರ್ಗದರ್ಶಿ, ಕೆಳಗಿನ ಕಣಿವೆಯಲ್ಲಿ ನೀರು ಸಿಗದೆಂದು ಬಲ್ಲವನಾದ್ದರಿಂದ ನೀರು ತುಂಬಿದ ತೊಗಲಚೀಲವನ್ನು ಬುರ್ಕ್‌ಹಾರ್ಟನಿಗೇ ಹೊರಿಸಿದ್ದ. ಇದನ್ನು ಮಕ್ಕಳಿಗೆ ಹೇಳಬೇಕೆಂದು ಬಾಯಿ ತೆರೆದವನು, ಹೆಂಡತಿಯ ಮುಖ ನೋಡಿ ಸುಮ್ಮನಾದೆ.

ಅಮ್ಮ ಮಾತ್ರ ಅದೇ ಕತ್ತೆಯ ಹುಡುಗನನ್ನು ಕೈಸನ್ನೆಯಲ್ಲೇ ಒಪ್ಪಿಸಿ, ಫ್ಲಾಸ್ಕನ್ನು ಮಡಿಲಲ್ಲಿಟ್ಟುಕೊಂಡು ನಮ್ಮ ಪಕ್ಕದಲ್ಲೇ ಮೇಲಕ್ಕೆ ಹೋದಳು. ನಾವು ಏದುಸಿರು ಬಿಡುತ್ತ ತುದಿ ತಲುಪಿದಾಗ, ಅದ್ ದೈರ್‌ನ ಎದುರಿನ ಚಹಾದಂಗಡಿಯಲ್ಲಿ ಆರಾಮವಾಗಿ ಕುಳಿತಿದ್ದಳು. ಅಲ್ಲಿ ನಾನು ಪೆಟ್ರಾದಲ್ಲೇ ಅತ್ಯಂತ ದುಬಾರಿಯಾಗಿದ್ದಿರಬಹುದಾದ ಐದು ಬಾಟಲಿ ನೀರನ್ನು ಚೌಕಾಸಿಯಿಲ್ಲದೆ ಕೊಂಡೆ.

ರಾತ್ರಿ ಕೋಣೆ ಸೇರಿದೊಡನೆ ಹೆಂಡತಿ ಫ್ರಿಜ್ಜು ತೆರೆದು, ಆರೂ ಬಾಟಲಿಗಳನ್ನು ಒಂದೊಂದಾಗಿ ಹೊರತೆಗೆದು, ಮಾತಿಲ್ಲದೆ ನನ್ನ ಮಂಚದ ಪಕ್ಕ ಸಾಲಾಗಿ ನಿಲ್ಲಿಸಿದಳು. ಅಮ್ಮ ಫ್ಲಾಸ್ಕ್ ತೊಳೆದುಕೊಂಡು, ನಾಳೆಗೆ ಬಿಸಿನೀರು ಕೇಳಲು ಕೆಳಗಿಳಿದು ಹೋದಳು.